ಹೊಳೆ ಸುಮ್ಮನಾದ ಮಧ್ಯಾಹ್ನ

ಒಸಾಕಾ

ಜಪಾನಿನಲ್ಲಿ ಇಳಿದ ಮೇಲೆ ನಾನು ಮೊದಲು ಮಾಡಿದ್ದು ಮಣ್ಣು ಕಳೆದುಕೊಂಡದ್ದು. ವಿಮಾನ ನಿಲ್ದಾಣದಲ್ಲಿ ಬಿಳಿ ಕೈಗವಸಿನ ಹೆಂಗಸೊಬ್ಬಳು ನನ್ನ ಚೀಲ ಬಿಚ್ಚಿಸಿ, ಬಟ್ಟೆಗಳ ನಡುವೆ ಹುದುಗಿಸಿಟ್ಟಿದ್ದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ಒಳಗೆ ಕೆಮ್ಮಣ್ಣು. ಸಾಗರದ ಹತ್ತಿರದ ನನ್ನ ತವರೂರಿನ ಗುಡ್ಡದಲ್ಲಿ ಅಗೆದು, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ ತಂದದ್ದು. ನಮ್ಮ ಕಡೆ ಮದುವೆಮನೆಯ ಗೋಡೆಗೆ ಆ ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತೇವೆ. ನಾನು ಹೊಸನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಆದರೆ ಗೆರೆ ಎಳೆಯಲು ಕಲಿತದ್ದು ಅಜ್ಜಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು.

ಆ ಹೆಂಗಸು ಮಣ್ಣನ್ನು ನೋಡಿದಳು, ನನ್ನನ್ನು ನೋಡಿದಳು, ತುಂಬ ಮರ್ಯಾದೆಯಿಂದ ತಲೆ ಬಾಗಿಸಿದಳು. ನಾನೂ ಬಾಗಿಸಿದೆ. ಕೆಲಸ ಆಯಿತು ಅಂದುಕೊಂಡೆ. ಆಗಿದ್ದೇನೋ ನಿಜ, ಡಬ್ಬಿ ಮಾತ್ರ ಮೇಜಿನ ಆ ಕಡೆಗೇ ಉಳಿಯಿತು. ಹೊರದೇಶದ ಮಣ್ಣು ಒಂದು ಚಿಟಿಕೆಯೂ ಒಳಗೆ ಹೋಗುವಂತಿಲ್ಲವಂತೆ. ಅದರಲ್ಲಿ ಯಾವ ಹುಳವಿದೆಯೋ, ಯಾವ ರೋಗವಿದೆಯೋ. ಹಿಟ್ಟಿಗೆಂದು ತಂದಿದ್ದ ಅಕ್ಕಿಯೂ ಹೋಯಿತು. ಪುಂಡಿ ನಾರಿನ ಕುಂಚಗಳನ್ನು ಭೂತಗನ್ನಡಿ ಹಿಡಿದು ನೋಡಿ ವಾಪಸು ಕೊಟ್ಟಳು.

ನನ್ನ ಹಿಂದೆ ನಿಂತಿದ್ದ ಸುಬ್ರಾಯ ಮಾಸ್ತರರು ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಎದೆಗೆ ಅವಚಿಕೊಂಡಿದ್ದರು. ಅದು ಪಾಸಾಯಿತು. "ನೋಡು ಸರೋಜ, ಮಣ್ಣಿಗೆ ವೀಸಾ ಇಲ್ಲೆ, ಮಿಡಿಗೆ ಇದ್ದು" ಎಂದು ಮನೆಮಾತಿನಲ್ಲೇ ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಯಷ್ಟು ದೊಡ್ಡ ಚಿತ್ರ ಬರೆದು ಕತೆ ಹೇಳಲು ಬಂದವಳು, ಬರಿಗೈಯಲ್ಲಿ ನಿಂತಿದ್ದೆ.

ಬಸ್ಸಿನಲ್ಲಿ

ನಾವು ಯಾಕೆ ಅಲ್ಲಿಗೆ ಹೋದೆವು ಎಂಬುದನ್ನು ಹೇಳಬೇಕು. ಮಾಸ್ತರರು ತೀರ್ಥಹಳ್ಳಿಯವರು. ಕನ್ನಡ ಪಾಠ ಮಾಡಿ ನಿವೃತ್ತರಾದವರು, ತಾಳಮದ್ದಳೆಯಲ್ಲಿ ಹಾಡುವವರು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಗಳಿಗೆ ನಾವಿಬ್ಬರೂ ರಜೆಯಲ್ಲಿ ತಿರುಗುತ್ತೇವೆ. ಅಲ್ಲಿನ ಕೆರೆ, ಬನ, ಹಳೆಯ ಕೊಳ, ಗುಡ್ಡದ ಕತೆಯನ್ನು ಅಲ್ಲಿಯವರಿಂದಲೇ ಕೇಳಿ, ಚಿತ್ರ ಮಾಡಿ, ಪದ ಕಟ್ಟಿ, ಅವರಿಗೇ ಹೇಳುತ್ತೇವೆ. ಕತೆ ಗೊತ್ತಿರುವ ಕೆರೆಗೆ ಕಸ ಸುರಿಯಲು ಕೈ ಸ್ವಲ್ಪ ಹಿಂಜರಿಯುತ್ತದೆ. ನಮ್ಮ ನಂಬಿಕೆ ಅಷ್ಟೇ. ಅಂಥ ಒಂದು ಕತೆಯ ವಿಡಿಯೋ ನೋಡಿ, ಜಪಾನಿನ ಶಿಕೋಕು ದ್ವೀಪದ ಹಿಗಾಶಿದಾನಿ ಎಂಬ ಸಣ್ಣ ಊರಿನವರು ನಮ್ಮನ್ನು ಕರೆದಿದ್ದರು. ಅವರಿಗೂ ಅದೇ ಹುಚ್ಚು.

ಹೊರಡುವಾಗ ಮನಸ್ಸು ಸರಿಯಿರಲಿಲ್ಲ. ನಮ್ಮ ತಾಲೂಕಿನ ನಗರ ಎಂಬ ಊರಿನಿಂದ ಮುಂದೆ ಒಂದು ಹಳ್ಳಿಯಿದೆ. ಜಗಳ ಇನ್ನೂ ಮುಗಿದಿಲ್ಲವಾದ್ದರಿಂದ ಹೆಸರು ಬೇಡ. ಅಲ್ಲಿ ಮನೆಗಳ ಹಿಂದಿನ ಗುಡ್ಡವನ್ನು ಕೆಂಪುಕಲ್ಲಿಗಾಗಿ ಬುಡದಿಂದಲೇ ಕೊರೆಯುತ್ತಿದ್ದಾರೆ. ನಾವು ಆ ಗುಡ್ಡದಮ್ಮನ ಕತೆ ಮಾಡಿದೆವು. ಅಮ್ಮ ಸಿಟ್ಟಾಗುತ್ತಾಳೆ, ಗುಡ್ಡ ಗುಡುಗುತ್ತದೆ, ಜನ ಅಡ್ಡಬೀಳುತ್ತಾರೆ, ಅಮ್ಮ ಕ್ಷಮಿಸುತ್ತಾಳೆ. ಮಾಸ್ತರರ ಮಂಗಳದ ಪದ ಕೇಳಿ ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿ, ಅವಲಕ್ಕಿ ತಿಂದು ಮನೆಗೆ ಹೋದರು. ಮಾರನೆಯ ಬೆಳಗ್ಗೆ ಜೆಸಿಬಿ ಮತ್ತೆ ಗುಡ್ಡದ ಬುಡದಲ್ಲಿತ್ತು.

"ಕತೆ ಚೆನ್ನಾಗಿ ಆಯ್ತಲ್ಲ, ಮತ್ತೆಂತ ಬೇಕು ನಿಂಗೆ?" ಎಂದಿದ್ದರು ಮಾಸ್ತರರು.

"ಚೆನ್ನಾಗಿ ಆಗಿ ಏನು ಬಂತು?" ಎಂದಿದ್ದೆ ನಾನು.

ನಾವು ಹೊರಡುವ ವಾರ, ಗುಡ್ಡದ ಬುಡದ ಮನೆಯ ಪಾರ್ವತಿ ಫೋನ್ ಮಾಡಿದ್ದಳು. ಗುಡ್ಡದ ನೆತ್ತಿಯ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದೆಯಂತೆ. ಅವಳ ಗಂಡ ಆ ಕ್ವಾರಿಯಲ್ಲೇ ಟಿಪ್ಪರ್ ಓಡಿಸುತ್ತಾನೆ. "ಅವ್ರ ಹತ್ರ ಹೇಳಕ್ಕಾಗಲ್ಲ, ನಿಮ್ಮ ಹತ್ರ ಹೇಳ್ತಿದೀನಿ ಮೇಡಂ" ಎಂದಿದ್ದಳು. ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಿಮಾನ ಹತ್ತಿದ್ದೆ.

ಬಸ್ಸು ಸುರಂಗದಿಂದ ಸುರಂಗಕ್ಕೆ ನುಗ್ಗುತ್ತಾ ಘಟ್ಟ ಏರಿತು. ಎರಡೂ ಕಡೆ ಕಡ್ಡಿ ನೆಟ್ಟಹಾಗೆ ನೇರ ಮರಗಳು. ರಸ್ತೆ ಪಕ್ಕದ ಇಳಿಜಾರಿಗೆಲ್ಲ ಸಿಮೆಂಟಿನ ಬಲೆ ಹೊದಿಸಿದ್ದರು. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದ ಮೇಲೆ ನಾವು ಕಲ್ಲು ಕಟ್ಟುತ್ತೇವೆ, ಇವರು ಕುಸಿಯುವ ಮೊದಲೇ ಕಟ್ಟುತ್ತಾರೆ ಎಂದು ಮಾಸ್ತರರಿಗೆ ತೋರಿಸಿದೆ. ಅವರು ತಲೆದೂಗಿದರು. ಅಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ಇಬ್ಬರಿಗೂ ಅನ್ನಿಸಿತು.

ಹಿಗಾಶಿದಾನಿ

ಕಣಿವೆಯೊಳಗೆ ಚೆಲ್ಲಿದಂತೆ ಮನೆಗಳು. ಅರ್ಧಕ್ಕರ್ಧ ಬೀಗ ಹಾಕಿದವು. ನಡುವೆ ಒಂದು ಹೊಳೆ. ಹೊಳೆಯ ದಂಡೆಯಲ್ಲಿ, ಊರಿಗೆಲ್ಲ ಒಂದೇ ಒಂದು ಸಮತಟ್ಟು ಜಾಗದಲ್ಲಿ, ಸಿಮೆಂಟಿನ ಸಭಾಭವನ. ಅದರ ಹಿಂದೆ ಏರಿನಲ್ಲಿ ದೇವರ ಬನ, ಬನದೊಳಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಗುಡ್ಡದ ಭುಜದ ಮೇಲೆ ಮುಚ್ಚಿದ ಶಾಲೆ. ಬನವನ್ನು ನೋಡಿದ್ದೇ ಮಾಸ್ತರರು ಚಪ್ಪಲಿ ಬಿಟ್ಟು ಕೈ ಮುಗಿದರು. ಯಾರೂ ಹೇಳಿಕೊಡಬೇಕಾಗಲಿಲ್ಲ.

ಬೇರೆಲ್ಲವನ್ನೂ ಹೇಳಿಕೊಡಬೇಕಾಯಿತು. ಮನೆಯೊಳಗೆ ಹಾಕುವ ಚಪ್ಪಲಿ ಬೇರೆ, ಪಾಯಖಾನೆಯ ಚಪ್ಪಲಿ ಬೇರೆ. ಮೊದಲ ದಿನದ ಊಟಕ್ಕೆ ಮಾಸ್ತರರು ಪಾಯಖಾನೆಯ ಚಪ್ಪಲಿಯಲ್ಲೇ ಬಂದು, ಊರಿನ ಹಿರಿಯರ ಎದುರು ಗಂಭೀರವಾಗಿ ಕೈ ಮುಗಿದು ನಿಂತರು. ಎಲ್ಲರ ಕಣ್ಣೂ ಅವರ ಕಾಲಿನ ಮೇಲೆ. ಊರಿನ ಕಚೇರಿಯಲ್ಲಿ ಕೆಲಸ ಮಾಡುವ ಮಿಹೋ ಎಂಬ ಹುಡುಗಿ ನಮಗೆ ದುಭಾಷಿ. ಇಂಗ್ಲಿಷಿನಲ್ಲಿ ಅವಳು ಪಿಸುಗುಟ್ಟಿದ ಮೇಲೆ ಮಾಸ್ತರರು ಓಡಿದ ಓಟವನ್ನು ನೋಡಿ ಆ ಹಿರಿಯರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಊಟದ ವಿಷಯ ಇನ್ನೂ ಕಷ್ಟ. ನೋಡಲು ಬರೀ ಸೊಪ್ಪಿನ ಸಾರು, ತಿಂದರೆ ಮೀನಿನ ರಸ. ಮಾಸ್ತರರು ಅನ್ನ ಮತ್ತು ಮಿಡಿಯ ಮೇಲೆ ದಿನ ತಳ್ಳಿದರು.

ಸಂಜೆಯಾದರೆ ಕಂಬಗಳ ಮೇಲಿನ ಸ್ಪೀಕರುಗಳಲ್ಲಿ ಮಕ್ಕಳ ಹಾಡಿನ ರಾಗ ಊರಿಗೆಲ್ಲ ಕೇಳುತ್ತಿತ್ತು. ಎಷ್ಟು ಚೆಂದ ಎಂದೆ. "ಚೆಂದಕ್ಕಲ್ಲ, ಅಪಾಯದ ದಿನ ಸ್ಪೀಕರ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ದಿನಾ ಪರೀಕ್ಷೆ ಮಾಡುತ್ತಾರೆ" ಎಂದಳು ಮಿಹೋ. ಆಮೇಲೆ ಆ ರಾಗ ಕೇಳಿದಾಗಲೆಲ್ಲ ನನಗೆ ಒಂದು ಥರ ಆಗುತ್ತಿತ್ತು.

ಆ ಊರಿನ ಕತೆಗಾರ್ತಿ ಫುಮಿ. ಬಹಳ ಕಾಲ ಅಂಚೆ ಕಚೇರಿಯಲ್ಲಿದ್ದ ಮುದುಕಿ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಯಂತ್ರ. ನನ್ನ ಮಣ್ಣಿನ ಗತಿ ಕೇಳಿ ಅವಳು ತನ್ನ ಮನೆಯ ಕಂಬ ಮುಟ್ಟಿಸಿದಳು. ಕಡುಗೆಂಪು. ಅಲ್ಲಿ ಹಳೆ ಮನೆಗಳ ಮರಕ್ಕೆ ಬಳಿಯುವ ಕೆಂಪು ಪುಡಿಯೊಂದಿದೆ. ಅದನ್ನೇ ಒಂದು ಬೋಗುಣಿ ತುಂಬ ಕೊಟ್ಟಳು. ಅಕ್ಕಿಯನ್ನು ನೆನೆಸಿ ರುಬ್ಬಿದೆವು. ಅವರ ಅಕ್ಕಿ ಅಂಟು. ನನ್ನ ಗೆರೆ ದಾರದ ಹಾಗೆ ಬರುವ ಬದಲು ಹಗ್ಗದ ಹಾಗೆ ಬಂತು. ಫುಮಿಗೆ ಅದೇ ಇಷ್ಟವಾಯಿತು.

ಹಾವಿನ ಕತೆ

ಎರಡನೆಯ ಸಂಜೆ ಫುಮಿ ಸಭಾಭವನದಲ್ಲಿ ಕತೆ ಹೇಳಿದಳು. ಮೇಜಿನ ಮೇಲೆ ಮರದ ಪೆಟ್ಟಿಗೆ, ಸಣ್ಣ ರಂಗಮಂಟಪದ ಹಾಗೆ ಬಾಗಿಲಿರುವುದು. ಒಳಗೆ ಚಿತ್ರದ ಹಲಗೆಗಳು. ಎರಡು ಮರದ ತುಂಡುಗಳನ್ನು ಟಕ್ ಟಕ್ ಎಂದು ಬಡಿದು ಬಾಗಿಲು ತೆರೆಯುತ್ತಾಳೆ. ಒಂದೊಂದೇ ಹಲಗೆ ಪಕ್ಕಕ್ಕೆ ಎಳೆಯುತ್ತಾ ಹೋದಂತೆ ಕತೆ ಸಾಗುತ್ತದೆ.

"ಮಳೆ ಬರುತ್ತಿತ್ತು, ಹೊಳೆ ಬರಲಿಲ್ಲ." ಕತೆ ಹೀಗೆ ಶುರುವಾಯಿತು. ಮಿಹೋ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಹೊಳೆಯ ತಲೆಯಲ್ಲಿ ಒಂದು ದೊಡ್ಡ ಹಾವು ಮಲಗಿದೆ. ಮಳೆ ಹೆಚ್ಚಾದರೆ ಅದು ಮಗ್ಗುಲು ಬದಲಿಸುತ್ತದೆ. ಹೊರಡುವ ಮೊದಲು ಬಾಯಾರಿ ಹೊಳೆಯನ್ನೆಲ್ಲ ಕುಡಿಯುತ್ತದೆ. ಒಂದು ಮನೆಯ ಸೊಸೆ ಅಕ್ಕಿ ತೊಳೆಯಲು ಹೋದರೆ ಜಡಿಮಳೆಯಲ್ಲೂ ಹೊಳೆಯಲ್ಲಿ ನೀರಿಲ್ಲ. ಹಸಿಮಣ್ಣಿನ ವಾಸನೆ ಬೇರೆ. ಅವಳು ಅಕ್ಕಿಯ ಪಾತ್ರೆ ಅಲ್ಲೇ ಇಟ್ಟು, ಬೈಯುತ್ತಿದ್ದ ಅತ್ತೆಯನ್ನು ಬೆನ್ನಿಗೆ ಹೊತ್ತು ಬನದ ಮೆಟ್ಟಿಲು ಹತ್ತುತ್ತಾಳೆ. ಹಿಂದೆಯೇ ಹಾವು ಮರ, ಕಲ್ಲು, ಮನೆ ಎಲ್ಲವನ್ನೂ ಉರುಳಿಸಿಕೊಂಡು ಇಳಿಯುತ್ತದೆ. ಬೆನ್ನಮೇಲಿನ ಅತ್ತೆ ಬೈಗುಳ ನಿಲ್ಲಿಸದೇ ಇರುವ ಜಾಗದಲ್ಲಿ ಎಲ್ಲರೂ ನಕ್ಕರು. ಕೊನೆಯ ಹಲಗೆ ಫುಮಿಯ ಅಪ್ಪ ಬರೆದದ್ದಂತೆ, ತುಂಬ ಚೆಂದದ್ದು. ಹಾವು ನೀಲಿ ಸಮುದ್ರದೊಳಗೆ ಇಳಿದು ಹೋಗುತ್ತಿದೆ, ದಡದಲ್ಲಿ ಜನ ಕೈ ಬೀಸುತ್ತಿದ್ದಾರೆ.

"ನಮ್ಮ ಗುಡ್ಡದಮ್ಮನ ಹಾಗೇ ಅಲ್ದಾ?" ಎಂದರು ಮಾಸ್ತರರು. ಹೌದು ಎಂದೆ. ಎಷ್ಟರಮಟ್ಟಿಗೆ ಹಾಗೇ ಎಂಬುದು ಆಗ ಹೊಳೆಯಲಿಲ್ಲ.

ಚಂಡಮಾರುತದ ದಿನ

ಸಮುದ್ರದಲ್ಲಿ ಎದ್ದಿದ್ದ ಚಂಡಮಾರುತ ಪೂರ್ವಕ್ಕೆ ತಿರುಗಿ ಹೋಗುತ್ತದೆ ಎಂದಿದ್ದರು. ಅದು ತಿರುಗಲಿಲ್ಲ, ಬಂದು ಬೆಟ್ಟದ ಮೇಲೆ ಕೂತುಬಿಟ್ಟಿತು. ಬೆಳಗಿನಿಂದ ಸ್ಪೀಕರಿನಲ್ಲಿ ರಾಗದ ಬದಲು ಮನುಷ್ಯರ ದನಿ. ವಯಸ್ಸಾದವರೆಲ್ಲ ಸಭಾಭವನಕ್ಕೆ ಬರಬೇಕು. ಕೆಳಗಿನ ರಸ್ತೆ ಮುಚ್ಚಿದೆ.

"ಆಗುಂಬೆ ಮಳೆ ಕಂಡವರಿಗೆ ಇದೆಂತದು ಮಾರಾಯ್ತಿ" ಎಂದು ಮಾಸ್ತರರು ಕಿಟಕಿಯಲ್ಲಿ ನಿಂತು ಹೇಳಿದರು. ಸ್ವಲ್ಪ ಹೊತ್ತಿಗೆ ಕಿಟಕಿ ಬಿಟ್ಟು ಒಳಗೆ ಬಂದು ಕೂತರು. ನಮ್ಮ ಮಳೆ ಸುರಿಯುತ್ತದೆ. ಇದು ಪಕ್ಕದಿಂದ ಹೊಡೆಯುತ್ತಿತ್ತು.

ಭವನ ತುಂಬಿತು. ಮುದುಕರು, ಮುದುಕಿಯರು, ಗಾಲಿಕುರ್ಚಿಯಲ್ಲಿ ಕೆಲವರು, ಒಬ್ಬಳ ಮಡಿಲಲ್ಲಿ ಬೆಕ್ಕು. ಊರಿನ ಮುಖಂಡ ತಾಗುಚಿ ಎಲ್ಲರಿಗೂ ಕಂಬಳಿ, ಬಿಸಿನೀರು ಹಂಚುತ್ತಿದ್ದ. ಮಾತು ಕಮ್ಮಿ, ಕೆಲಸ ಹೆಚ್ಚು ಎನ್ನುವಂಥ ಮನುಷ್ಯ. ಜನರ ಮನಸ್ಸು ಬೇರೆ ಕಡೆಗೆ ಹೋಗಲಿ ಎಂದು ನಮಗೆ ಕತೆ ಹೇಳಲು ಹೇಳಿದ. ನಾನು ಕೆಂಪು ಬಳಿದಿದ್ದ ಕಾಗದ ಗೋಡೆಗೆ ಅಂಟಿಸಿದೆ. ಬಾಗಿಲು, ಕಿಟಕಿಗೆಲ್ಲ ತಗಡು ಎಳೆದಿದ್ದರು. ತಾರಸಿಯ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಮಾಸ್ತರರು ಮೇಲಿನ ಶ್ರುತಿಯಲ್ಲಿ ಹಾಡಬೇಕಾಯಿತು.

ಅಡುಗೆಕೋಣೆಯ ಹಿಂಬಾಗಿಲು ಮಾತ್ರ ಹೊಳೆಯ ಕಡೆಗಿತ್ತು. ಬೆಳಗ್ಗೆ ಕುಂಚ ತೊಳೆಯಲು ಅಲ್ಲಿಗೆ ಹೋದಾಗ, ಮಿಹೋ ಪಕ್ಕದಲ್ಲೇ ನಿಂತು ಏನೋ ಕೇಳಿದರೆ ನನಗೆ ಕೇಳಿಸದೆ, "ಏನು? ಏನು?" ಎಂದು ಕೂಗಿದ್ದೆ. ಹೊಳೆ ಅಷ್ಟು ಅಬ್ಬರಿಸುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕುಂಚ ತೊಳೆಯಲು ಹೋದೆ. ಮಿಹೋ ಬಂದಳು. ನಿಮ್ಮ ಅಮ್ಮನೂ ಚಿತ್ರ ಬರೆಯುತ್ತಾರಾ ಎಂದು ಕೇಳಿದಳು. ಅಮ್ಮನಲ್ಲ, ಅಜ್ಜಿ ಎಂದೆ. ಹಾಗೇ ಸ್ವಲ್ಪ ಮಾತಾಡಿದೆವು. ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಗೋಡೆಯ ಹತ್ತಿರ ಹೋಗಿ ಕುಂಚ ಎತ್ತಿದೆ. ಕೈ ನಿಂತಿತು.

ನಾವಿಬ್ಬರೂ ಮೆಲ್ಲಗೆ ಮಾತಾಡಿದ್ದೆವು. ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ.

ಮಾಸ್ತರರ ಹತ್ತಿರ ಹೋಗಿ, "ಹಾಡು ನಿಲ್ಸಿ, ನನ್ನ ಜೊತೆ ಬನ್ನಿ" ಎಂದೆ. ನನ್ನ ಮುಖ ನೋಡಿ ಅವರು ಎದ್ದು ಬಂದರು. ಹಿಂಬಾಗಿಲು ತೆರೆದೆವು. ಮಳೆ ಬೆಳಗಿನಷ್ಟೇ ಇತ್ತು, ಅಥವಾ ಹೆಚ್ಚು. ಹೊಳೆಯಲ್ಲಿ ಬಂಡೆಗಳು ತಲೆ ಎತ್ತಿದ್ದವು. ಅವುಗಳ ನಡುವೆ ಸಣ್ಣಗೆ, ಕಪ್ಪಗೆ ಒಂದು ಧಾರೆ. ಗದ್ದೆ ಉತ್ತಾಗ ಬರುವಂಥ ವಾಸನೆ.

"ಸರೋಜ," ಎಂದರು ಮಾಸ್ತರರು.

ಫುಮಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಕಿವಿಯ ಯಂತ್ರಕ್ಕೆ ಮಳೆಯೊಂದೇ ಕೇಳುತ್ತಿತ್ತು. ಮಿಹೋ ಬಾಗಿ ಅವಳಿಗೆ ಹೇಳಿದಾಗ ಅವಳು ನನ್ನ ಕೈ ಹಿಡಿದು, "ಬೆಳಗ್ಗೆ ಹೇಗಿತ್ತು? ಈಗ ಹೇಗಿದೆ?" ಎಂದು ಮಾತ್ರ ಕೇಳಿದಳು. ಹೇಳಿದೆ. ಅವಳು ತಾಗುಚಿಯನ್ನು ಕರೆದಳು.

ತಾಗುಚಿ ಹಿಂಬಾಗಿಲಿಗೆ ಹೋಗಿ ನೋಡಿ ಬಂದ. ಮೇಲೆಲ್ಲೋ ಗುಡ್ಡ ಜರಿದು ಹೊಳೆಗೆ ಅಡ್ಡ ಬಿದ್ದಿರಬಹುದು, ಆ ಕಟ್ಟೆ ಒಡೆದರೆ ಎಲ್ಲವೂ ಒಟ್ಟಿಗೆ ಇಳಿಯುತ್ತದೆ ಎಂದ. ಕಚೇರಿಗೆ ಫೋನ್ ಮಾಡಿದ. ಆ ಕಡೆಯವರು ಒಳಗೇ ಇರಿ ಎಂದರು. ಗಾಳಿಯಲ್ಲಿ ಮರ ಬೀಳುತ್ತಿವೆ, ಊರಿಗೆ ಗೊತ್ತುಮಾಡಿದ ಆಸರೆಯ ಜಾಗವೇ ಅದು, ಮುದುಕರನ್ನು ಹೊರಗೆ ತೆಗೆದರೆ ಅಪಾಯ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾಗುಚಿ ಫೋನಿನ ಮೇಲೆ ಕೈ ಮುಚ್ಚಿ, ಮಿಹೋಳ ಮೂಲಕ ನನ್ನನ್ನು ಕೇಳಿದ: "ಬೆಳಗ್ಗೆ ನಿಜವಾಗಿಯೂ ಅಷ್ಟು ಸದ್ದಿತ್ತಾ? ಖಚಿತವಾ?"

ಆ ಮಳೆಯಲ್ಲಿ, ಆ ಗಾಳಿಯಲ್ಲಿ, ಕೋಲೂರಿ ನಡೆಯುವ ಜನ. ನನ್ನ ಮಾತಿನಿಂದ ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಯಾರಾದರೂ ಬಿದ್ದು ಸತ್ತರೆ? ಪರದೇಶದಿಂದ ಬಂದವಳಿಗೆ ಈ ಹೊಳೆಯ ಬಗ್ಗೆ ಏನು ಗೊತ್ತು? ಇನ್ನೊಂದು ಸಲ ಕೇಳಿದ್ದರೆ ಬಹುಶಃ ಇಲ್ಲ ಎಂದುಬಿಡುತ್ತಿದ್ದೆ.

"ಮುಂದೆ ಏನಾಗುತ್ತೋ ನನಗೆ ಗೊತ್ತಿಲ್ಲ. ಬೆಳಗ್ಗೆ ಕೂಗಿದರೂ ಕೇಳುತ್ತಿರಲಿಲ್ಲ, ಈಗ ಪಿಸುಮಾತು ಕೇಳುತ್ತೆ. ಅದು ಖಚಿತ" ಎಂದೆ.

ತಾಗುಚಿ ಕಣ್ಣು ಮುಚ್ಚಿದ. ಆಗ ಫುಮಿ ಎದ್ದಳು. ಅವಳು ವಾದ ಮಾಡಲಿಲ್ಲ. ಪೆಟ್ಟಿಗೆಯ ಮೇಲಿದ್ದ ಎರಡು ಮರದ ತುಂಡು ಎತ್ತಿಕೊಂಡು ಟಕ್ ಟಕ್ ಎಂದು ಬಡಿದಳು. ಇಡೀ ಭವನ ತಿರುಗಿ ನೋಡಿತು.

"ಮಳೆ ಬರುತ್ತಿತ್ತು, ಹೊಳೆ ಬರಲಿಲ್ಲ" ಎಂದಳು.

ಆಮೇಲೆ ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕ, ನಡುಗುವ ದನಿಯಲ್ಲಿ, ಮುಂದಿನ ಸಾಲು ಹೇಳಿದ: "ಸೊಸೆ ಅಕ್ಕಿಯ ಪಾತ್ರೆ ಅಲ್ಲೇ ಇಟ್ಟಳು."

ಬೆಕ್ಕಿನ ಹೆಂಗಸು ಬೆಕ್ಕನ್ನು ಕೋಟಿನೊಳಗೆ ತುರುಕಿ ಎದ್ದು ನಿಂತಳು. ಎಲ್ಲರೂ ಎದ್ದರು. ಯಾರೂ ಸಾಮಾನು ಮುಟ್ಟಲಿಲ್ಲ. ಕೂಸಾಗಿದ್ದಾಗಿನಿಂದ ಕೇಳಿದ ಕತೆ ಅವರ ಕಾಲಿಗೆ ದಾರಿ ಹೇಳುತ್ತಿತ್ತು. ತಾಗುಚಿ ಫೋನಿನಲ್ಲಿ ಎರಡು ಮಾತು ಹೇಳಿ ಇಟ್ಟ. "ನಾವು ಹೊರಡುತ್ತಿದ್ದೇವೆ ಎಂದ" ಎಂದಳು ಮಿಹೋ.

ಮೇಲಿನ ಶಾಲೆ

ನಡೆಯಬಲ್ಲವರು ಬನದ ಮೆಟ್ಟಿಲು ಹತ್ತಬೇಕು, ಆಗದವರನ್ನು ತಾಗುಚಿಯ ಪುಟ್ಟ ಟ್ರಕ್ಕಿನಲ್ಲಿ ರಸ್ತೆಯಿಂದ ಸಾಗಿಸಬೇಕು ಎಂದಾಯಿತು. ರಸ್ತೆ ಸುತ್ತು. ಮೇಲೆ ಒಂದು ಕಡೆ ಸೇತುವೆ ದಾಟಬೇಕು. ತಾಗುಚಿ ಮುದುಕರನ್ನು ಎತ್ತಿ ಎತ್ತಿ ಹತ್ತಿಸಬೇಕಾದ್ದರಿಂದ ಟ್ರಕ್ಕನ್ನು ಮಿಹೋ ಓಡಿಸಿದಳು.

ಮೆಟ್ಟಿಲಿನ ಉದ್ದಕ್ಕೂ ಮಾಸ್ತರರು ಹಗ್ಗ ಹಿಡಿದು ಮುಂದೆ ಹೋದರು. ಮಂಡಿನೋವಿನ ಮನುಷ್ಯ ಒಮ್ಮೆಯೂ ನಿಲ್ಲಲಿಲ್ಲ. ನಾನು ಕೊನೆಯಲ್ಲಿ, ಫುಮಿಯ ಬೆನ್ನಿಗೆ ಕೈ ಕೊಟ್ಟುಕೊಂಡು. ಗಾಳಿಗೆ ಮರಗಳು ಕಿರುಗುಟ್ಟುತ್ತಿದ್ದವು. ಒಂದು ಕೊಂಬೆ ನಮ್ಮ ಹಿಂದೆ ಬಿತ್ತು. ಫುಮಿಗೆ ಅದು ಕೇಳಿಸಲಿಲ್ಲ, ಹತ್ತುತ್ತಲೇ ಇದ್ದಳು. ನನಗೆ ಮಾತ್ರ ಪ್ರತಿ ಮೆಟ್ಟಿಲಿಗೂ ಅನ್ನಿಸುತ್ತಿತ್ತು: ಏನೂ ಆಗದಿದ್ದರೆ? ಏನಾದರೂ ಆಗಲಿ ಎಂದು ಬಯಸುವುದೂ ಪಾಪ, ಆಗದಿದ್ದರೆ ಇವರ ಮುಖ ನೋಡುವುದು ಹೇಗೆ?

ಮೇಲೆ ತಲುಪಿದೆವು. ಶಾಲೆಯ ಬೀಗ ಒಡೆದರು. ಟ್ರಕ್ಕಿನ ಮೊದಲ ಸರತಿ ಬಂದು ಇಳಿಸಿ, ಮತ್ತೆ ಕೆಳಗೆ ಹೋಯಿತು. ತಾಗುಚಿಯೂ, ಗಾಲಿಕುರ್ಚಿಯ ಮುದುಕನೂ, ಉಳಿದವರೂ ಇನ್ನೂ ಕೆಳಗಿದ್ದರು.

ಆಗ ಸದ್ದು ಬಂತು. ನಾನು ಗುಡುಗು ಅಂದುಕೊಂಡೆ. ಗುಡುಗು ಮುಗಿಯುತ್ತದೆ, ಇದು ಮುಗಿಯಲಿಲ್ಲ. ಕಾಲ ಕೆಳಗಿನ ಹಲಗೆ ನಡುಗಿತು. ಕಿವಿ ಕೇಳದ ಫುಮಿ ಅಂಗಾಲಿನಿಂದಲೇ ತಿಳಿದುಕೊಂಡು ಗೋಡೆ ಹಿಡಿದಳು. ಕಿಟಕಿಯಿಂದ ಕಂಡದ್ದು ನೀರಲ್ಲ. ನಿಂತ ಮರಗಳು ನಿಂತಂತೆಯೇ ಕೆಳಗೆ ನಡೆದು ಹೋಗುತ್ತಿದ್ದವು.

ಆಮೇಲೆ ಬರೀ ಮಳೆ. ಟ್ರಕ್ಕು ಬರಲಿಲ್ಲ.

ಕಾದೆವು. ಮಾಸ್ತರರು ಮಳೆಯಲ್ಲೇ ಶಾಲೆಯ ಗೇಟಿನ ಹತ್ತಿರ ನಿಂತರು. ನಾನು ಅವರ ಪಕ್ಕ ಹೋಗಿ ನಿಂತೆ. ಮಿಹೋ ನನ್ನ ಶಾಲೆಯ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಅವಳನ್ನು ಆ ರಸ್ತೆಗೆ ಕಳಿಸಿದ್ದು ನನ್ನ ಒಂದು ಮಾತು. "ಹಾಗೆಲ್ಲ ಯೋಚ್ನೆ ಮಾಡ್ಬೇಡ" ಎಂದರು ಮಾಸ್ತರರು, ನಾನು ಏನೂ ಹೇಳದಿದ್ದರೂ.

ತಿರುವಿನಲ್ಲಿ ಬೆಳಕು ಕಂಡಿತು. ಒಂದೇ ದೀಪ. ಟ್ರಕ್ಕು ಏದುಸಿರು ಬಿಡುತ್ತಾ ಬಂದು ನಿಂತಿತು, ಹಿಂಭಾಗವೆಲ್ಲ ಕೆಸರು. ಸೇತುವೆ ದಾಟಿದ ಮೇಲೆ ಹಿಂದೆ ಸೇತುವೆಯೇ ಇರಲಿಲ್ಲವಂತೆ. ಮುದುಕರೆಲ್ಲ ಇದ್ದರು. ತಾಗುಚಿ ಇದ್ದ. ಮಿಹೋ ಸ್ಟೀರಿಂಗ್ ಬಿಡಲಾರದೆ ಕೂತಿದ್ದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಮಾರನೆಯ ಬೆಳಗ್ಗೆ ಮಳೆ ನಿಂತಾಗ ಕೆಳಗೆ ನೋಡಿದೆವು. ಸಭಾಭವನ ಇದ್ದ ಜಾಗದಲ್ಲಿ ಮರ, ಬಂಡೆ, ಕೆಸರಿನ ರಾಶಿ. ತಾರಸಿಯ ಒಂದು ಮೂಲೆ ಮಾತ್ರ ಹೊರಗೆ. ಫುಮಿಯ ಪೆಟ್ಟಿಗೆ, ಒಂದರ ಹಿಂದೊಂದು ಜೋಡಿಸಿಟ್ಟಿದ್ದ ಅವಳ ಚಿತ್ರಗಳು, ನನ್ನ ಕಾಗದ, ಎಲ್ಲವೂ ಅದರಡಿ. ತಾಗುಚಿ ನನ್ನ ಎದುರು ಬಂದು ಸೊಂಟ ಮುರಿಯುವಷ್ಟು ಬಾಗಿದ. ನಾನು ಬೇಡ ಬೇಡ ಎನ್ನುತ್ತಾ ಅತ್ತುಬಿಟ್ಟೆ.

ರಸ್ತೆ ತೆರೆಯುವವರೆಗೆ ಶಾಲೆಯಲ್ಲೇ ಇದ್ದೆವು. ಕಪಾಟಿನಲ್ಲಿ ಮಕ್ಕಳು ಬಿಟ್ಟುಹೋಗಿದ್ದ ಕ್ರೇಯಾನುಗಳು ಸಿಕ್ಕವು. ಫುಮಿ ನೆಲದ ಮೇಲೆ ಕಾಗದ ಹಾಸಿ ಹಾವಿನ ಕತೆಯನ್ನು ಮತ್ತೆ ಬರೆಯತೊಡಗಿದಳು. ಎಲ್ಲವೂ ನೆನಪಿತ್ತು ಅವಳಿಗೆ. ಕೊನೆಯ ಚಿತ್ರಕ್ಕೆ ಬಂದಾಗ ಕೈ ನಿಲ್ಲಿಸಿದಳು. ನಾನು ನೀಲಿ ಬಣ್ಣ ಹುಡುಕಿ ಕೊಟ್ಟೆ. ತಲೆ ಅಲ್ಲಾಡಿಸಿದಳು.

"ಅಪ್ಪನಿಗೆ ಮಕ್ಕಳು ಹೆದರಬಾರದು ಎಂದು ಆಸೆ" ಎಂದಳು. ಪಕ್ಕದಲ್ಲೇ ಮಲಗಿದ್ದ ಮಿಹೋ ಎದ್ದು ಅವಳ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದಳು. "ಹಾವನ್ನು ಸಮುದ್ರಕ್ಕೆ ಕಳಿಸಿಬಿಟ್ಟ. ಹೋದ ಹಾವಿಗೆ ಯಾರು ಹೆದರುತ್ತಾರೆ? ಅದು ಉರುಳಿ ಸಮ ಮಾಡಿದ ಜಾಗದಲ್ಲೇ ಭವನ ಕಟ್ಟಿದರು. ಹಾವು ಹೋಗಿಲ್ಲ. ನೀನು ಬರಿ, ನಿನ್ನ ಗೆರೆಯಲ್ಲಿ."

ನಾನು ಬರೆದೆ. ಹಸೆಯಲ್ಲಿ ಬಳ್ಳಿ ಸುತ್ತುವ ಹಾಗೆ, ಹೊಳೆಯ ತಲೆಯಲ್ಲಿ ಸುರುಳಿ ಸುತ್ತಿ ಮಲಗಿದ ಹಾವು. ಕಣ್ಣು ಮುಚ್ಚಿರಬೇಕೋ ತೆರೆದಿರಬೇಕೋ ಎಂದು ಕೇಳಿದೆ. ಫುಮಿ, ಒಂದು ತೆರೆ, ಒಂದು ಮುಚ್ಚು ಎಂದಳು.

ನಗರದಿಂದ ಮುಂದೆ

ಊರಿಗೆ ಬಂದ ಮೇಲೆ ಮಾಸ್ತರರಿಗೂ ನನಗೂ ಮತ್ತೆ ಜಟಾಪಟಿ. ಗುಡ್ಡದಮ್ಮನ ಕತೆಯ ಕೊನೆ ತೆಗೆಯಬೇಕು ಎಂದೆ. ಅಮ್ಮ ಕ್ಷಮಿಸುವುದು ಬೇಡ. ಅವಳು ಎದ್ದು ನಿಂತಲ್ಲಿಗೆ ನಿಲ್ಲಿಸೋಣ.

"ಮಂಗಳ ಹಾಡದೆ ಕತೆ ನಿಲ್ಸೋದಾ? ನನ್ನ ಜನ್ಮದಲ್ಲಿ ಮಾಡ್ಲಿಲ್ಲ" ಎಂದು ಎದ್ದು ಹೋದರು. ವಾರ ಮಾತಿಲ್ಲ. ಆಮೇಲೆ ಒಂದು ಬೆಳಗ್ಗೆ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದು, ನನ್ನ ಶಾಲೆಯ ಬಾಗಿಲಲ್ಲಿ ನಿಂತು, "ಯಾವತ್ತು ಹೋಪನ?" ಎಂದರು.

ಮುಂದೆ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗುಡ್ಡ ಉಳಿಯಿತು ಎಂದು ಬರೆಯಲಾರೆ. ಕ್ವಾರಿ ಮುಚ್ಚಿಲ್ಲ. ಆದರೆ ಮನೆಗಳ ಕಡೆಯ ಮುಖ ಅಗೆಯುವುದು ನಿಂತಿದೆ. ಬುಡದ ಮನೆಗಳವರು ಮಳೆಗಾಲಕ್ಕೆ ನೆಂಟರ ಮನೆಗೆ ಹೋಗಿ ಬರುತ್ತಾರೆ. ಬಿರುಕು ನೋಡಲು ಮೇಲಿನ ಅಧಿಕಾರಿಗಳು ಬಂದು ಹೋಗಿದ್ದಾರೆ. ಇದೆಲ್ಲ ಶುರುವಾದದ್ದು ನಾವು ಮತ್ತೆ ಕತೆ ಹೇಳಲು ಹೋದ ಸಂಜೆ.

ಹಳ್ಳಿಯ ಶಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಹೇಳುತ್ತಾ ಹೋದೆ. ಅಮ್ಮ ಎದ್ದಳು, ಗುಡ್ಡ ಗುಡುಗಿತು. ಅಭ್ಯಾಸಬಲದಿಂದ ಮಾಸ್ತರರ ಬಾಯಲ್ಲಿ ಮಂಗಳದ ಮೊದಲ ಅಕ್ಷರ ಬಂತು. ಅವರು ತುಟಿ ಕಚ್ಚಿ ನುಂಗಿಕೊಂಡರು. ತಾಳ ಕೆಳಗಿಟ್ಟರು.

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ.

"ಮುಂದೆ?" ಎಂದು ಒಬ್ಬರು ಕೇಳಿದರು.

"ನಂಗೊತ್ತಿಲ್ಲ, ಗುಡ್ಡದ ಕೆಳಗೆ ಇರೋರು ನೀವು" ಎಂದೆ.

"ಕ್ವಾರಿ ನಿಂತ್ರೆ ನಮ್ಗೆ ಊಟ ಯಾರ್ ಹಾಕ್ತಾರೆ, ನೀವ್ ಹಾಕ್ತೀರಾ?" ಎಂದು ಹಿಂದಿನಿಂದ ಗಂಡಸಿನ ದನಿ. ಕೆಲವರು ಏಳತೊಡಗಿದರು.

ಆಗ ಪಾರ್ವತಿ ಹೆಂಗಸರ ನಡುವಿನಿಂದ ಎದ್ದು ಮುಂದೆ ಬಂದಳು. ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು.

"ನೀವ್ ಕೂತ್ಕಳಿ ಮೇಡಂ. ಇಲ್ಲಿಂದ ನಾನ್ ಹೇಳ್ತೀನಿ."

ನಾನು ಕೂತೆ. ಅವಳು ಅಮ್ಮನ ಮಾತೆತ್ತಲಿಲ್ಲ. ಕೊಟ್ಟಿಗೆಯ ಬಾಗಿಲು ಈಗ ಹಾಕಲು ಬರುವುದಿಲ್ಲ, ಚೌಕಟ್ಟು ವಾಲಿದೆ ಎಂದಳು. ಬಾವಿಯ ನೀರು ಕೆಂಪಗೆ ತಿರುಗಿದೆ. ನೆತ್ತಿಯ ಬಿರುಕಿಗೆ ತಾನೇ ಕೋಲು ಇಳಿಸಿ ನೋಡಿದಳಂತೆ, ಕೋಲು ಪೂರ್ತಿ ಹೋಯಿತಂತೆ. ದನ ಆ ಕಡೆ ಮೇಯಲು ಹೋಗುತ್ತಿಲ್ಲ. ಒಂದೊಂದನ್ನೂ ಹೇಳಿ ನಿಲ್ಲಿಸುತ್ತಿದ್ದಳು, ಎಲ್ಲರೂ ಕಣ್ಣಲ್ಲಿ ನೋಡಿಕೊಳ್ಳಲಿ ಎನ್ನುವ ಹಾಗೆ. ಎದ್ದವರು ನಿಂತಲ್ಲೇ ನಿಂತರು. ಕೊನೆಗೆ ಅವಳು ಗಂಡಸರ ಕಡೆ ತಿರುಗಿ, ಕಂಬಕ್ಕೆ ಒರಗಿದ್ದ ತನ್ನ ಗಂಡನನ್ನು ನೋಡಿದಳು.

"ಇನ್ ಮುಂದಿಂದು ನೀವ್ ಹೇಳ್ಬೇಕು" ಎಂದಳು.

ಅವನು ನೆಲ ನೋಡಿದ. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ನನಗೆ ಅವನು ಎದ್ದು ಹೋಗಿಬಿಡುತ್ತಾನೆ ಅನ್ನಿಸಿತು. ಎಲ್ಲರಿಗೂ ಹಾಗೇ ಅನ್ನಿಸಿರಬೇಕು.

"ನಾಳೆ ನಾನು ಗಾಡಿ ತೆಗಿಯಲ್ಲ" ಎಂದ.